ಅಮೈನ್ ದ್ರಾವಣಕ್ಕೆ ಕ್ಯಾಟಲಿಸ್ಟ್ ಹಾಕಿದರೆ ಶಾಖ ನಿಜಕ್ಕೂ ಉಳಿಯುತ್ತಾ, ಅಥವಾ ಲೆಕ್ಕದಲ್ಲಿ ಮಾತ್ರವಾ?

ಆನಗೋಡು_ಕೆಮ್

ದಾವಣಗೆರೆಯಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಕೊನೇ ವರ್ಷದ ಪ್ರಾಜೆಕ್ಟ್‌ಗೆ ಸಂಬಂಧಿಸಿದ ಪ್ರಶ್ನೆ. ಹೊಗೆಯಿಂದ ಸಿಒ2 (ಇಂಗಾಲದ ಡೈಆಕ್ಸೈಡ್) ಹೀರಿಕೊಂಡ ಎಂಇಎ (ಮೋನೋಎಥನಾಲಮೈನ್ ಎಂಬ ಅಮೈನ್) ದ್ರಾವಣವನ್ನು ಬಿಸಿ ಮಾಡಿ, ಕಡಿಮೆ ಶಾಖದಲ್ಲಿ ಆ ಸಿಒ2ವನ್ನು ಬಿಡಿಸುವುದು ವಿಷಯ.

ಸೆಟಪ್ ಹೀಗಿದೆ: ಮೂರು ಬಾಯಿಯ ಫ್ಲಾಸ್ಕ್‌ನಲ್ಲಿ 5 ಮೋಲಾರ್ ಎಂಇಎ 500 ಮಿಲಿ, ಲೋಡಿಂಗ್ 0.5 (ಒಂದು ಮೋಲ್ ಅಮೈನ್‌ಗೆ ಅರ್ಧ ಮೋಲ್ ಸಿಒ2). ಎಣ್ಣೆ ಬಾತ್, ಮೇಲೆ ರಿಫ್ಲಕ್ಸ್ ಕಂಡೆನ್ಸರ್, ದ್ರಾವಣ 98 ಡಿಗ್ರಿಯಲ್ಲಿ. ಕ್ಯಾಟಲಿಸ್ಟ್ (ಕ್ರಿಯೆಯ ವೇಗ ಹೆಚ್ಚಿಸುವ ವಸ್ತು) ಎಚ್‌ಝಡ್‌ಎಸ್‌ಎಂ-5 ಎಂಬ ಝಿಯೋಲೈಟ್ ಪುಡಿ, 6 ಗ್ರಾಂ. ಹೀಟರ್‌ಗೆ ಎನರ್ಜಿ ಮೀಟರ್ ಹಾಕಿ, ಒಂದು ಗಂಟೆಯ ಯೂನಿಟ್ಟನ್ನು ಬಿಡುಗಡೆಯಾದ ಸಿಒ2 ಮೋಲ್‌ಗಳಿಂದ ಭಾಗಿಸುತ್ತೇವೆ. ಕ್ಯಾಟಲಿಸ್ಟ್ ಇಲ್ಲದ ರನ್‌ಗೆ ಹೋಲಿಸಿದರೆ ಶೇ 30ರ ಆಸುಪಾಸು ಉಳಿತಾಯ ಬರುತ್ತಿದೆ. ಪೇಪರ್‌ಗಳಲ್ಲೂ ಶೇ 20ರಿಂದ 40 ಅಂತಲೇ ಇದೆ.

ನನ್ನ ತಲೆಬಿಸಿ ಏನೆಂದರೆ, ಕ್ಯಾಟಲಿಸ್ಟ್ ಎಂದರೆ ಕ್ರಿಯೆಯ ಶಾಖ ಬದಲಿಸಬಾರದು ಅಲ್ವಾ? ಹಾಗಿದ್ದರೆ ಈ ಶೇ 30 ಎಲ್ಲಿಂದ ಬಂತು? ಎರಡನೆಯದು, ಯಾವ ಕ್ಯಾಟಲಿಸ್ಟ್ ಬಾಳಿಕೆ ಬರುತ್ತದೆ? ಮೂರನೆಯದು, ವೈವಾದಲ್ಲಿ ಖಂಡಿತ ಕೇಳುತ್ತಾರೆ: ನಮ್ಮೂರಿನ ರೈಸ್ ಮಿಲ್ ಬಾಯ್ಲರ್‌ಗೆ ಇದನ್ನು ಕೂರಿಸಬಹುದಾ?

---

ಏಳುಸುತ್ತಿನವ (ಚಿತ್ರದುರ್ಗ)

ನಿಮ್ಮ ಅನುಮಾನ ಸರಿಯಾದ ಜಾಗದಲ್ಲೇ ಇದೆ. ಮೊದಲು ದೊಡ್ಡ ಪ್ಲಾಂಟಿನ ಲೆಕ್ಕ ನೋಡಿ. ಶೇ 30 ಎಂಇಎ ಬಳಸಿ ಒಂದು ಟನ್ ಸಿಒ2 ಬಿಡಿಸಲು ರೀಬಾಯ್ಲರ್‌ಗೆ (ದ್ರಾವಣ ಕುದಿಸುವ ಹೀಟರ್‌ಗೆ) 3.5ರಿಂದ 4 ಗಿಗಾಜೂಲ್ ಬೇಕು. ಕ್ರಿಯೆಯ ಶಾಖ ಮೋಲ್‌ಗೆ ಸುಮಾರು 85 ಕಿಲೋಜೂಲ್, ಅಂದರೆ ಟನ್‌ಗೆ 1.9 ಗಿಗಾಜೂಲ್. ಮಿಕ್ಕಿದ್ದರಲ್ಲಿ ಒಂದು ಪಾಲು ದ್ರಾವಣವನ್ನು ಬಿಸಿ ಮಾಡಲು, ಇನ್ನೊಂದು ಪಾಲು ಸಿಒ2 ಜೊತೆ ಮೇಲೇಳುವ ನೀರಾವಿಗೆ. 1.9ನ್ನು ಯಾವ ಕ್ಯಾಟಲಿಸ್ಟೂ ಮುಟ್ಟಲಾರದು. ಮುಟ್ಟಿದ್ದೇವೆ ಎಂದು ಬರೆದವರಿದ್ದರೆ ಅವರ ಮೀಟರನ್ನೋ ಭಾಗಾಕಾರವನ್ನೋ ಸಂಶಯಿಸಿ. ಉಳಿಸಲು ಜಾಗ ಇರುವುದು ಮಿಕ್ಕ ಎರಡು ಪಾಲಿನಲ್ಲಿ ಮಾತ್ರ.

ಈಗ ನಿಮ್ಮ ಫ್ಲಾಸ್ಕ್. ಅರ್ಧ ಲೀಟರ್ ದ್ರಾವಣವನ್ನು 30ರಿಂದ 98ಕ್ಕೆ ಏರಿಸಲು ಸುಮಾರು 120 ಕಿಲೋಜೂಲ್. ಲೋಡಿಂಗ್ 0.5ರಿಂದ 0.3ಕ್ಕೆ ಇಳಿದರೆ ಹೊರಬರುವುದು ಅರ್ಧ ಮೋಲ್, ಅದರ ಕ್ರಿಯಾಶಾಖ ಬರೀ 42 ಕಿಲೋಜೂಲ್. ಅದರ ಮೇಲೆ ಎಣ್ಣೆ ಬಾತ್ ಗಾಳಿಗೆ ಕಳೆದುಕೊಳ್ಳುವ ಶಾಖ ಬೇರೆ. ಅಂದರೆ ಮೀಟರ್ ತೋರಿಸುವ ಯೂನಿಟ್ ಕ್ಯಾಟಲಿಸ್ಟ್ ಇರಲಿ ಬಿಡಲಿ ಹೆಚ್ಚುಕಡಿಮೆ ಒಂದೇ. ಬದಲಾಗುವುದು ಛೇದ ಮಾತ್ರ: ಒಂದು ಗಂಟೆಯಲ್ಲಿ ಕ್ಯಾಟಲಿಸ್ಟ್ ಇದ್ದ ಫ್ಲಾಸ್ಕ್ ಹೆಚ್ಚು ಸಿಒ2 ಬಿಟ್ಟಿದೆ. ವೇಗ ಹೆಚ್ಚಾಗಿದ್ದನ್ನೇ ನೀವು ಶಾಖ ಕಡಿಮೆಯಾಯಿತು ಎಂದು ಓದುತ್ತಿದ್ದೀರಿ. ಅದೇ ರನ್ ಮೂರು ಗಂಟೆ ಬಿಟ್ಟರೆ ಕ್ಯಾಟಲಿಸ್ಟ್ ಇಲ್ಲದ ಫ್ಲಾಸ್ಕ್ ಹಿಂದಿನಿಂದ ಬಂದು ಸೇರಿಕೊಳ್ಳುತ್ತದೆ, ಶೇ 30 ಕರಗುತ್ತದೆ.

ಹಾಗಂತ ವೇಗಕ್ಕೆ ಬೆಲೆ ಇಲ್ಲ ಎಂದಲ್ಲ. 120 ಡಿಗ್ರಿಯ ಸ್ಟ್ರಿಪರ್‌ನಲ್ಲಿ (ಪ್ಲಾಂಟ್‌ನಲ್ಲಿ ಸಿಒ2 ಬಿಡಿಸುವ ಕಾಲಮ್) ಕಾರ್ಬಮೇಟ್ (ಎಂಇಎ ಜೊತೆ ಸಿಒ2 ಸೇರಿ ಆದ ಸಂಯುಕ್ತ) ತಾನಾಗೇ ಬೇಗ ಒಡೆಯುತ್ತದೆ, ಅಲ್ಲಿ ದ್ರಾವಣ ಸಮತೋಲನದ ಹತ್ತಿರವೇ ಇರುತ್ತದೆ. ಅಲ್ಲಿ ಕ್ಯಾಟಲಿಸ್ಟ್ ಸುರಿದರೂ ಸಿಗುವುದು ಅಷ್ಟಕ್ಕಷ್ಟೆ. 85–95 ಡಿಗ್ರಿಯಲ್ಲಿ ಕ್ರಿಯೆ ತೆವಳುತ್ತದೆ. ಕ್ಯಾಟಲಿಸ್ಟ್‌ನ ನಿಜವಾದ ಗಿರಾಕಿ ಆ ತಾಪಮಾನ. ಒಳ್ಳೆ ಸ್ಟೀಮ್ ಖರ್ಚು ಮಾಡದೆ, ಯಾರಿಗೂ ಬೇಡವಾದ ಬಿಸಿನೀರಲ್ಲಿ ಕೆಲಸ ಮುಗಿಸಲು ಅದು ದಾರಿ ಮಾಡಿಕೊಡಬಹುದು. ಉಳಿತಾಯ ಗಿಗಾಜೂಲ್‌ಗಳ ಸಂಖ್ಯೆಯಲ್ಲಿ ಅಲ್ಲ, ಗಿಗಾಜೂಲ್‌ನ ಬೆಲೆಯಲ್ಲಿ.

ಇನ್ನು 98 ಡಿಗ್ರಿ. ಇದನ್ನು ಯಾರೂ ಗಮನಿಸುವುದಿಲ್ಲ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಗಾಳಿಯೊತ್ತಡ 94 ಕಿಲೋಪಾಸ್ಕಲ್ ಆಸುಪಾಸು, ಬರೀ ನೀರು 98ಕ್ಕೇ ಕುದಿಯುತ್ತದೆ. ನಮ್ಮ ದುರ್ಗದಲ್ಲಿ ಇನ್ನೂ ಅರ್ಧ ಡಿಗ್ರಿ ಕೆಳಗೆ. 98ರಲ್ಲಿ ನಿಮ್ಮ ದ್ರಾವಣದ ನೀರಾವಿಯ ಒತ್ತಡವೇ ಸುಮಾರು 84 ಕಿಲೋಪಾಸ್ಕಲ್. ಕಡಲ ತೀರದ ಲ್ಯಾಬಿನಲ್ಲಿ ಸಿಒ2ಗೆ 17 ಉಳಿದರೆ ನಿಮ್ಮಲ್ಲಿ 10 ಉಳಿಯುತ್ತದೆ. ರನ್ನಿನ ಕೊನೆಗೆ ಬರುವ ಹೊತ್ತಿಗೆ ಒಂದು ಮೋಲ್ ಸಿಒ2 ಜೊತೆ ಎಂಟು ಮೋಲ್ ನೀರು ಆವಿಯಾಗುತ್ತಿರುತ್ತದೆ, ಅದಕ್ಕೇ 330 ಕಿಲೋಜೂಲ್, ಅಷ್ಟೂ ಕಂಡೆನ್ಸರ್ ನೀರಿಗೆ ಹೋಗುತ್ತದೆ. ನೀವು ಅಳೆಯುತ್ತಿರುವುದು ಬಹುಪಾಲು ನೀರು ಕುದಿಸಿದ ಖರ್ಚು. 90 ಡಿಗ್ರಿಗೆ ಇಳಿಸಿ. ಅಲ್ಲಿ ನೀರಾವಿ 62 ಕಿಲೋಪಾಸ್ಕಲ್ ಮಾತ್ರ, ಒಂದು ಮೋಲ್ ಸಿಒ2ಗೆ ಎರಡು ಮೋಲ್ ನೀರು. ಕ್ಯಾಟಲಿಸ್ಟ್ ಏನು ಮಾಡುತ್ತದೆ ಎಂಬುದು ಅಲ್ಲಿ ಕಣ್ಣಿಗೆ ಕಾಣುತ್ತದೆ. ಬೇರೆ ಊರಿನ ಪೇಪರಿನ ಅಂಕಿಯನ್ನು ನಿಮ್ಮ ಅಂಕಿಯ ಪಕ್ಕ ನೇರವಾಗಿ ಇಟ್ಟು ಹೋಲಿಸಬೇಡಿ.

ಸಮಯ ನೋಡಿ ನಿಲ್ಲಿಸುವುದನ್ನೂ ಬಿಡಿ. ಎರಡೂ ರನ್ನನ್ನು ಒಂದೇ ಲೀನ್ ಲೋಡಿಂಗ್‌ಗೆ (ಬಿಡಿಸಿದ ಮೇಲೆ ಉಳಿಯುವ ಲೋಡಿಂಗ್), ಉದಾಹರಣೆಗೆ 0.35ಕ್ಕೆ, ನಿಲ್ಲಿಸಿ ಹೋಲಿಸಿ. ಅದೇ ತಾಪಮಾನದಲ್ಲಿ ಬರೀ ನೀರಿಟ್ಟು ಅಷ್ಟೇ ಹೊತ್ತು ಓಡಿಸಿ, ಬಾತ್‌ನ ನಷ್ಟ ಎಷ್ಟೆಂದು ತಿಳಿದು ಕಳೆಯಿರಿ.

---

ಝಿಯೋಲೈಟ್_ಅಕ್ಕ

ಏಳುಸುತ್ತಿನವರು ಹೇಳಿದ್ದಕ್ಕೆ ಒಂದು ಮುಖ್ಯ ಸೇರ್ಪಡೆ: ನಿಮ್ಮ ಬ್ಲ್ಯಾಂಕ್ ರನ್ (ಕ್ಯಾಟಲಿಸ್ಟ್ ಇಲ್ಲದ ರನ್) ತಪ್ಪು ಜೋಡಿ. ಪುಡಿ ಹಾಕಿದ ದ್ರಾವಣವನ್ನು ಏನೂ ಹಾಕದ ದ್ರಾವಣದ ಜೊತೆ ಹೋಲಿಸಬಾರದು. ಯಾವ ಪುಡಿಯೇ ಆಗಲಿ, ಗುಳ್ಳೆ ಹುಟ್ಟಲು ಜಾಗ ಕೊಡುತ್ತದೆ, ಸಿಒ2 ಬೇಗ ಏಳುತ್ತದೆ. ಅದೇ 6 ಗ್ರಾಂ, ಅದೇ ಗಾತ್ರದ, ಆಸಿಡ್‌ನಲ್ಲಿ ತೊಳೆದು ಒಣಗಿಸಿದ ಕ್ವಾರ್ಟ್ಸ್ ಮರಳು ಹಾಕಿ ಮೂರನೇ ರನ್ ಮಾಡಿ. ಸ್ಟರರ್ ವೇಗವೂ ಒಂದೇ ಇರಲಿ. ಮರಳಿಗಿಂತ ಝಿಯೋಲೈಟ್ ಎಷ್ಟು ಮುಂದೆ ಎಂಬುದು ಮಾತ್ರ ಕ್ಯಾಟಲಿಸ್ಟ್‌ನ ಗುಣ, ಮಿಕ್ಕಿದ್ದು ಗುಳ್ಳೆಯ ಗುಣ.

ಒಳಗೆ ನಡೆಯುವುದು ಇಷ್ಟು. ಸಿಒ2 ಹೀರುವಾಗ ಎರಡು ಎಂಇಎ ಖರ್ಚಾಗುತ್ತವೆ: ಒಂದು ಕಾರ್ಬಮೇಟ್ ಆಗುತ್ತದೆ, ಇನ್ನೊಂದು ಪ್ರೋಟಾನ್ ಹೊತ್ತು ನಿಲ್ಲುತ್ತದೆ. ಬಿಡಿಸುವಾಗ ಆ ಪ್ರೋಟಾನ್ ಕಾರ್ಬಮೇಟ್‌ನ ನೈಟ್ರೋಜನ್‌ಗೆ ವಾಪಸ್ ಬರಬೇಕು, ಆಮೇಲೆ ನೈಟ್ರೋಜನ್–ಕಾರ್ಬನ್ ಬಂಧ ಒಡೆಯುತ್ತದೆ. ಎಂಇಎ ಪ್ರೋಟಾನನ್ನು ಗಟ್ಟಿಯಾಗಿ ಹಿಡಿದಿರುತ್ತದೆ, ನೀರಿಗೆ ಅದನ್ನು ಕಿತ್ತು ದಾಟಿಸುವ ಶಕ್ತಿ ಕಡಿಮೆ. ತಡವಾಗುವುದು ಇಲ್ಲೇ. ಎಚ್‌ಝಡ್‌ಎಸ್‌ಎಂ-5ನಂಥ ಘನ ಆಮ್ಲದ ಬ್ರಾನ್‌ಸ್ಟೆಡ್ (ಪ್ರೋಟಾನ್ ಕೊಡುವ) ತಾಣಗಳು ಪ್ರೋಟಾನ್ ಕೈಬದಲಿಸಲು ನೆರವಾಗುತ್ತವೆ. ಗಾಮಾ ಅಲ್ಯೂಮಿನಾದ (ಅಲ್ಯೂಮಿನಿಯಂ ಆಕ್ಸೈಡ್‌ನ ಒಂದು ರೂಪ) ಲೂಯಿಸ್ (ಎಲೆಕ್ಟ್ರಾನ್ ಜೋಡಿ ಸ್ವೀಕರಿಸುವ) ತಾಣಗಳಿಗೆ ಕೆಲಸ ಹೆಚ್ಚು ಸಿಗುವುದು ಲೋಡಿಂಗ್ ಇಳಿದ ಮೇಲೆ, ದ್ರಾವಣದಲ್ಲಿ ಬೈಕಾರ್ಬೊನೇಟ್ ಮುಗಿದಾಗ. ಕೆನಡಾದ ರೆಜೈನಾ ವಿಶ್ವವಿದ್ಯಾಲಯದ ಗುಂಪು ಈ ಎರಡನ್ನೇ ಮುಂದಿಟ್ಟುಕೊಂಡು ಶುರು ಮಾಡಿದ್ದು; ಅವರು ಎಂಇಎ ಜೊತೆ ಎಂಡಿಇಎ ಎಂಬ ಇನ್ನೊಂದು ಅಮೈನ್ ಬೆರೆಸಿಯೂ ನೋಡಿದ್ದಾರೆ. ಎಂಡಿಇಎ ಕಾರ್ಬಮೇಟ್ ಮಾಡುವುದಿಲ್ಲ, ಬೈಕಾರ್ಬೊನೇಟ್ ಮಾಡುತ್ತದೆ, ಅದರ ಕ್ರಿಯಾಶಾಖವೇ ಕಡಿಮೆ, ಮೋಲ್‌ಗೆ 60 ಕಿಲೋಜೂಲ್‌ನ ಒಳಗೆ. ನಿಜ ಹೇಳಬೇಕೆಂದರೆ ದ್ರಾವಣ ಬದಲಿಸಿ ಸಿಗುವ ಲಾಭದ ಮುಂದೆ ಕ್ಯಾಟಲಿಸ್ಟ್‌ನದು ಚಿಕ್ಕದು. ಎರಡನ್ನೂ ಒಟ್ಟಿಗೆ ಬದಲಿಸಿ ಶ್ರೇಯವನ್ನೆಲ್ಲ ಕ್ಯಾಟಲಿಸ್ಟ್‌ಗೆ ಬರೆದುಬಿಡುವುದೂ ನಡೆಯುತ್ತದೆ.

ತಯಾರಿ: ಅಂಗಡಿಯಲ್ಲಿ ಸಿಗುವ ಝಡ್‌ಎಸ್‌ಎಂ-5 ಬಹಳ ಸಲ ಅಮೋನಿಯಂ ರೂಪದಲ್ಲಿರುತ್ತದೆ. ಲೇಬಲ್ ನೋಡಿ. ಹಾಗಿದ್ದರೆ ಮಫಲ್ ಫರ್ನೇಸ್‌ನಲ್ಲಿ ನಿಮಿಷಕ್ಕೆ 2–3 ಡಿಗ್ರಿಯಂತೆ ಏರಿಸಿ 550ರಲ್ಲಿ 5 ಗಂಟೆ ಇಡಿ. ಅಮೋನಿಯಾ ಹೊರಡುತ್ತದೆ, ಎಗ್ಸಾಸ್ಟ್ ಫ್ಯಾನ್ ಹಾಕಿಕೊಳ್ಳಿ. ತಣ್ಣಗಾಗುವಾಗಲೇ ಡೆಸಿಕೇಟರ್‌ಗೆ ಹಾಕಿ, ಇಲ್ಲದಿದ್ದರೆ ತೇವ ಎಳೆದುಕೊಂಡು 6 ಗ್ರಾಂ ಎಂದು ತೂಗಿದ್ದರಲ್ಲಿ ಒಂದಿಷ್ಟು ನೀರೇ ಇರುತ್ತದೆ.

ಬಾಳಿಕೆ ಬಗ್ಗೆ. ಎಂಇಎ ಕ್ಷಾರ, ಅದರಲ್ಲಿ ಬಿಸಿ ಬೇರೆ. ಝಿಯೋಲೈಟ್‌ನ ಸಿಲಿಕಾ ನಿಧಾನವಾಗಿ ಕರಗುತ್ತದೆ. ಗಾಮಾ ಅಲ್ಯೂಮಿನಾ ಬಿಸಿನೀರಿನಲ್ಲಿ ಬೋಹ್ಮೈಟ್ (ನೀರು ಸೇರಿದ ಅಲ್ಯೂಮಿನಾ) ಆಗುತ್ತಾ ಮೇಲ್ಮೈ ಕಳೆದುಕೊಳ್ಳುತ್ತದೆ, ಗುಳಿಗೆ ಮೆತ್ತಗಾಗಿ ಪುಡಿಯಾಗುತ್ತದೆ. ಸಲ್ಫೇಟೆಡ್ ಝಿರ್ಕೋನಿಯಾ (ಸಲ್ಫೇಟ್ ಕೂರಿಸಿದ ಝಿರ್ಕೋನಿಯಂ ಆಕ್ಸೈಡ್) ಮೊದಲ ಸೈಕಲ್‌ನಲ್ಲಿ ಎಲ್ಲರಿಗಿಂತ ಚೆನ್ನಾಗಿ ಓಡುತ್ತದೆ, ಪೇಪರ್‌ಗೆ ಒಳ್ಳೆ ಗ್ರಾಫ್ ಸಿಗುತ್ತದೆ. ಆದರೆ ಸಲ್ಫೇಟ್ ದ್ರಾವಣಕ್ಕೆ ಬಿಟ್ಟುಕೊಂಡರೆ ಅದು ಅಮೈನ್ ಜೊತೆ ಶಾಖಕ್ಕೂ ಜಗ್ಗದ ಲವಣವಾಗಿ ಕೂರುತ್ತದೆ. ಅಷ್ಟು ಅಮೈನ್ ಸತ್ತ ಹಾಗೆ. ಜೊತೆಗೆ ತುಕ್ಕೂ ಹೆಚ್ಚುತ್ತದೆ. ಕಬ್ಬಿಣ, ತಾಮ್ರ ಇರುವ ಕ್ಯಾಟಲಿಸ್ಟ್‌ಗಳನ್ನು ನಾನು ದೂರ ಇಡುತ್ತೇನೆ. ಹೊಗೆಯಲ್ಲಿ ಆಮ್ಲಜನಕ ಇದ್ದೇ ಇರುತ್ತದೆ, ಆ ಲೋಹಗಳು ಒಂದಿಷ್ಟು ಕರಗಿದರೂ ಅಮೈನ್ ಆಕ್ಸಿಡೀಕರಣಗೊಂಡು ಹಾಳಾಗುವುದು ಜೋರಾಗುತ್ತದೆ.

ಹಾಗಾಗಿ ಒಂದು ರನ್ ಸಾಲದು, ಅದೇ ಪುಡಿಯನ್ನು ಸೋಸಿ, ತೊಳೆದು, ಮತ್ತೆ ಮತ್ತೆ ಬಳಸಿ ನೋಡಬೇಕು. ಜೊತೆಗೆ ಬಿಸಿ ಸೋಸುವಿಕೆಯ ಪರೀಕ್ಷೆ: ಅರ್ಧ ದಾರಿಯಲ್ಲಿ ಪುಡಿ ಸೋಸಿ ತೆಗೆದು ದ್ರಾವಣವನ್ನು ಮುಂದುವರಿಸಿ. ವೇಗ ಮರಳಿನ ರನ್ನಿನ ಮಟ್ಟಕ್ಕೆ ಇಳಿದರೆ ಕೆಲಸ ಮಾಡುತ್ತಿದ್ದುದು ಘನ ಮೇಲ್ಮೈ. ಇಳಿಯದಿದ್ದರೆ ಕರಗಿ ಹೋದದ್ದೇನೋ ಕೆಲಸ ಮಾಡುತ್ತಿದೆ.

---

ತುಂಗಭದ್ರಾ_ದಡ

ಘನ ಆಮ್ಲಗಳ ಹಿಂದೆಯೇ ಯಾಕೆ ಬೀಳಬೇಕು? ಕಾರ್ಬಾನಿಕ್ ಅನ್‌ಹೈಡ್ರೇಸ್ ಕಿಣ್ವ ಇದೆಯಲ್ಲ. ನಮ್ಮ ಕೆಂಪು ರಕ್ತಕಣದಲ್ಲೇ ಇರುವುದು, ಸತುವಿನ ಒಂದು ಪರಮಾಣು ನಡುವಿಟ್ಟುಕೊಂಡು ಸೆಕೆಂಡಿಗೆ ಹತ್ತು ಲಕ್ಷದಷ್ಟು ಸಿಒ2 ಅಣುಗಳನ್ನು ಬೈಕಾರ್ಬೊನೇಟ್ ಮಾಡಬಲ್ಲದು. ಅದು ಇದ್ದರೆ ಅಮೈನೇ ಬೇಡ, ಪೊಟ್ಯಾಸಿಯಂ ಕಾರ್ಬೊನೇಟ್ ಸಾಕು. ಅದಕ್ಕೆ ಕ್ರಿಯಾಶಾಖ ಮೋಲ್‌ಗೆ 27 ಕಿಲೋಜೂಲ್ ಅಷ್ಟೆ, ವಾಸನೆ ಇಲ್ಲ, ಆವಿಯಾಗಿ ಹಾರುವುದೂ ಇಲ್ಲ. ಕೆನಡಾದಲ್ಲಿ ಸಿಒ2 ಸೊಲ್ಯೂಷನ್ಸ್ ಕಂಪನಿ ಇದನ್ನು ಪ್ಲಾಂಟ್ ಮಟ್ಟಕ್ಕೆ ತಂದಿತ್ತು, 2020ರಲ್ಲಿ ಇಟಲಿಯ ಸೈಪೆಮ್ ಅದನ್ನು ಕೊಂಡಿತು.

---

ಝಿಯೋಲೈಟ್_ಅಕ್ಕ

ಒಳ್ಳೆ ದಾರಿಯೇ. ಆದರೆ ಕಿಣ್ವ ಸಹಾಯ ಮಾಡುವುದು ಮುಖ್ಯವಾಗಿ ಹೀರುವ ಕಡೆ. ಸಾಮಾನ್ಯ ಕಿಣ್ವ 60–70 ಡಿಗ್ರಿ ದಾಟಿದರೆ ಬೇಗ ಕೆಡುತ್ತದೆ, ಆದ್ದರಿಂದ ಸ್ಟ್ರಿಪರನ್ನು ವ್ಯಾಕ್ಯೂಮ್‌ನಲ್ಲಿ ಓಡಿಸಬೇಕು. 0.3 ಬಾರ್‌ನಲ್ಲಿ ನೀರು 69 ಡಿಗ್ರಿಗೆ ಕುದಿಯುತ್ತದೆ, ಅಷ್ಟರ ಮಟ್ಟಿಗೆ ಬಿಸಿನೀರು ಸಾಕು ನಿಜ. ಆದರೆ ಹೊರಬಂದ ಸಿಒ2ವನ್ನು 0.3 ಬಾರ್‌ನಿಂದ ಹೆಚ್ಚಿನ ಒತ್ತಡಕ್ಕೆ ಎತ್ತಬೇಕು, ಶಾಖದಲ್ಲಿ ಉಳಿಸಿದ್ದರಲ್ಲಿ ಒಂದು ಭಾಗ ಕರೆಂಟ್ ಬಿಲ್ಲಿಗೆ ಹೋಗುತ್ತದೆ.

ಪ್ರಾಜೆಕ್ಟ್ ಮಾಡುವವರು ಎಡವುವುದು ಬೇರೆ ಕಡೆ. ಶೇ 30 ಕಾರ್ಬೊನೇಟ್ ಮಾಡಿಕೊಂಡು ಸಿಒ2 ತುಂಬಿಸುತ್ತಾರೆ. ಪೂರ್ತಿ ಬೈಕಾರ್ಬೊನೇಟ್ ಆದರೆ 100 ಗ್ರಾಂ ನೀರಿಗೆ 66 ಗ್ರಾಂ ಲವಣ. 40 ಡಿಗ್ರಿಯಲ್ಲೂ ಕರಗುವುದು 47 ಗ್ರಾಂ ಮಾತ್ರ. ಮಿಕ್ಕಿದ್ದು ಬಿಳಿ ಹರಳಾಗಿ ಟ್ಯೂಬಿನಲ್ಲಿ ಕೂರುತ್ತದೆ. ಶೇ 20ರಲ್ಲಿ ಮಾಡಿದರೆ ಪೂರ್ತಿ ತುಂಬಿದಾಗಲೂ 37 ಗ್ರಾಂ, ಹಗಲು ಓಡುತ್ತದೆ. 20 ಡಿಗ್ರಿಯಲ್ಲಿ ಕರಗುವ ಮಿತಿ 33–34 ಗ್ರಾಂ, ಆದ್ದರಿಂದ ಡಿಸೆಂಬರ್ ರಾತ್ರಿ ದ್ರಾವಣ ಲೈನಿನಲ್ಲೇ ಬಿಟ್ಟು ಹೋದರೆ ಬೆಳಗ್ಗೆ ಪಂಪ್ ತಿರುಗುವುದಿಲ್ಲ. ರಾತ್ರಿ ಡ್ರೈನ್ ಮಾಡಿ, ನೀರಲ್ಲಿ ತೊಳೆದು ಹೋಗಿ.

---

ಹರಿಹರ_ಪ್ಲಾಂಟ್

ಮೂರನೇ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ, ನಾನು ಹೇಳುತ್ತೇನೆ. ಗಂಟೆಗೆ 5 ಟನ್ ಸ್ಟೀಮಿನ ಹೊಟ್ಟಿನ ಬಾಯ್ಲರ್ ತಗೊಳ್ಳಿ. ಒಂದು ಕೆಜಿ ಸ್ಟೀಮಿಗೆ 2.45 ಮೆಗಾಜೂಲ್, ದಕ್ಷತೆ ಶೇ 70, ಭತ್ತದ ಹೊಟ್ಟಿನ ಶಾಖ ಕೆಜಿಗೆ 13 ಮೆಗಾಜೂಲ್ ಎಂದರೆ ಗಂಟೆಗೆ ಸುಮಾರು 1.35 ಟನ್ ಹೊಟ್ಟು ಉರಿಯುತ್ತದೆ. ಅದರಲ್ಲಿ ಇಂಗಾಲ ಶೇ 38 ಎಂದು ಹಿಡಿದರೆ ಸಿಒ2 ಗಂಟೆಗೆ 1.9 ಟನ್ ಹತ್ತಿರ. ಶೇ 90 ಹಿಡಿದರೆ 1.7 ಟನ್. ಟನ್‌ಗೆ 3.7 ಗಿಗಾಜೂಲ್ ಬೇಕು, 3 ಬಾರ್ ಸ್ಟೀಮ್ ಕೆಜಿಗೆ 2.16 ಮೆಗಾಜೂಲ್ ಕೊಡುತ್ತದೆ, ಅಂದರೆ ಒಂದು ಟನ್ ಸಿಒ2ಗೆ 1.7 ಟನ್ ಸ್ಟೀಮ್. ಒಟ್ಟು ಗಂಟೆಗೆ 2.9 ಟನ್. ಐದರಲ್ಲಿ ಮೂರು ಸಿಒ2 ಹಿಡಿಯಲಿಕ್ಕೇ ಹೋದರೆ ಭತ್ತ ಬೇಯಿಸಿ ಒಣಗಿಸುವುದು ಯಾವುದರಲ್ಲಿ? ನಿಮ್ಮ ಶೇ 30 ಪೂರ್ತಿ ನಿಜವಾದರೂ ಎರಡು ಟನ್ ಬೇಕು. ಮಾಲೀಕರು ಒಪ್ಪುವ ಮಾತಲ್ಲ.

ಒಪ್ಪಬಹುದಾದ ರೂಪ ಚಿಕ್ಕದು: ಚಿಮಣಿಗೆ ಹೋಗುವ 150–180 ಡಿಗ್ರಿ ಹೊಗೆಯಿಂದ 95 ಡಿಗ್ರಿ ಬಿಸಿನೀರು ಮಾಡಿಕೊಂಡು, ಅಷ್ಟರಲ್ಲಿ ಎಷ್ಟು ಸಿಒ2 ಬಿಡಿಸಬಹುದೋ ಅಷ್ಟೇ. ಏಳುಸುತ್ತಿನವರು ಹೇಳಿದ ಕ್ಯಾಟಲಿಸ್ಟ್‌ನ ಜಾಗ ಇದೇ. ಹೊಟ್ಟಿನ ಹೊಗೆಯಲ್ಲಿ ಗಂಧಕ ಕಡಿಮೆ, ಅದೊಂದು ಅನುಕೂಲ. ಎಸ್‌ಒ2 (ಗಂಧಕದ ಡೈಆಕ್ಸೈಡ್) 10 ಪಿಪಿಎಂ ಒಳಗಿದ್ದರೆ ಅಮೈನ್ ಉಳಿಯುತ್ತದೆ. ಆದರೆ ಹಾರುವ ಬೂದಿಯಲ್ಲಿ ಸಿಲಿಕಾ ಹೇರಳ, ಪೊಟ್ಯಾಶ್ ಕೂಡ ಇರುತ್ತದೆ. ಬ್ಯಾಗ್ ಫಿಲ್ಟರ್ ಆದಮೇಲೆ ಒಂದು ನೀರಿನ ಸ್ಕ್ರಬ್ಬರ್ ಇಟ್ಟು 40 ಡಿಗ್ರಿಗೆ ತಣಿಸದೆ ಒಳಗೆ ಬಿಟ್ಟರೆ ನಿಮ್ಮ ಕ್ಯಾಟಲಿಸ್ಟ್ ಗುಳಿಗೆಯ ಮೇಲೆ ಬೂದಿಯ ಲೇಪ ಬೀಳುತ್ತದೆ, ನೊರೆಯೂ ಏಳುತ್ತದೆ. ಪುಡಿ ಕ್ಯಾಟಲಿಸ್ಟ್ ಅಂತೂ ಪ್ಲಾಂಟ್‌ನಲ್ಲಿ ಬೇಡವೇ ಬೇಡ. ಫಿಲ್ಟರ್ ಕಟ್ಟುತ್ತದೆ, ಪಂಪ್ ಸೀಲ್ ತಿನ್ನುತ್ತದೆ. 3 ಮಿಮೀ ಗುಳಿಗೆ ಬಳಸಿದರೆ ಒಳಗಿನವರೆಗೆ ದ್ರಾವಣ ನುಗ್ಗಲು ಹೊತ್ತು ಬೇಕು, ಪುಡಿಯಲ್ಲಿ ಕಂಡ ಲಾಭದ ಒಂದು ಭಾಗ ಅಲ್ಲೇ ಹೋಗುತ್ತದೆ. ಇದನ್ನು ವರದಿಯಲ್ಲಿ ಬರೆಯಿರಿ, ಪರೀಕ್ಷಕರಿಗೆ ಇಷ್ಟವಾಗುತ್ತದೆ.

ಅಂದಹಾಗೆ ಜಿಲ್ಲೆಯಲ್ಲಿ ನಿಜಕ್ಕೂ ಅಗ್ಗದ ಸಿಒ2 ಬೇಕಿದ್ದರೆ ಚಿಮಣಿ ಬಿಟ್ಟು ಎಥನಾಲ್ ಘಟಕದ ಹುದುಗು ಟ್ಯಾಂಕ್ ನೋಡಿ. ಒಂದು ಲೀಟರ್ ಎಥನಾಲ್‌ಗೆ ಮುಕ್ಕಾಲು ಕೆಜಿ ಸಿಒ2, ಹೆಚ್ಚುಕಡಿಮೆ ಶುದ್ಧ. ನೀರಲ್ಲಿ ತೊಳೆದು, ಆಕ್ಟಿವೇಟೆಡ್ ಕಾರ್ಬನ್ ದಾಟಿಸಿ, ಒಣಗಿಸಿ, ಒತ್ತಿದರೆ ಆಯಿತು. ಅಮೈನೂ ಬೇಡ, ಕ್ಯಾಟಲಿಸ್ಟೂ ಬೇಡ.

---

ಆನಗೋಡು_ಕೆಮ್

ತುಂಬಾ ಉಪಕಾರ ಆಯ್ತು ಎಲ್ಲರಿಗೂ. 90 ಡಿಗ್ರಿಯಲ್ಲಿ ಮರಳಿನ ರನ್ ಸೇರಿಸಿ ಯೋಜನೆ ಬದಲಿಸುತ್ತಿದ್ದೇವೆ. ಇನ್ನೆರಡು ಸಣ್ಣ ಪ್ರಶ್ನೆ. ಪುಟ್ಟ ಕಾಲಮ್ ಮಾಡಿ ಬಿಸಿನೀರಿನಲ್ಲಿ ನಿರಂತರ ಓಡಿಸಿದರೆ ಶಾಖ ಅಳೆಯುವುದು ಹೇಗೆ? ಮತ್ತೆ ಲೋಡಿಂಗ್ ನೋಡಲು ಚಿಟ್ಟಿಕ್ ಉಪಕರಣ (ಸ್ಯಾಂಪಲ್‌ಗೆ ಆಸಿಡ್ ಬಿಟ್ಟು, ಹೊರಬಂದ ಸಿಒ2 ಗಾತ್ರ ಅಳೆಯುವುದು) ಬಳಸುತ್ತಿದ್ದೇವೆ, ಶುರುವಿನ ಲೋಡಿಂಗೇ 0.55 ಬರುತ್ತಿದೆ. ತುಂಬಿಸಿದ ಸಿಒ2 ತೂಕದ ಪ್ರಕಾರ 0.5 ಇರಬೇಕು.

---

ಏಳುಸುತ್ತಿನವ

ಕಾಲಮ್: ಒಂದು ಇಂಚಿನ ವ್ಯಾಸ, ಒಂದು ಮೀಟರ್ ಎತ್ತರ, ಕ್ಯಾಟಲಿಸ್ಟ್ ಗುಳಿಗೆಯನ್ನು ಪ್ಯಾಕಿಂಗ್ ಜೊತೆ ಬೆರೆಸಿ ತುಂಬಿ, ಸುತ್ತ ಬಿಸಿನೀರಿನ ಜಾಕೆಟ್. ದ್ರಾವಣ ನಿಮಿಷಕ್ಕೆ 50 ಮಿಲಿ ಬಿಟ್ಟು, ಒಳಗೆ ಬರುವಾಗ 70 ಡಿಗ್ರಿ, ಲೋಡಿಂಗ್ 0.1 ಇಳಿಯುತ್ತದೆ ಎಂದುಕೊಂಡರೆ ಬೇಕಾದ ಶಾಖ ನಿಮಿಷಕ್ಕೆ 6–7 ಕಿಲೋಜೂಲ್. ಜಾಕೆಟ್ ನೀರನ್ನು ನಿಮಿಷಕ್ಕೆ 2 ಲೀಟರ್ ಓಡಿಸಿದರೆ ಒಳಹೊರಗಿನ ವ್ಯತ್ಯಾಸ ಒಂದು ಡಿಗ್ರಿಯೂ ಬರುವುದಿಲ್ಲ. ಸಾಮಾನ್ಯ ಥರ್ಮೋಕಪಲ್‌ನ ದೋಷವೇ ಅದಕ್ಕಿಂತ ಹೆಚ್ಚು, ಉಳಿತಾಯ ಶೇ 30 ಎಂದರೂ ಶೇ 80 ಎಂದರೂ ಸಾಬೀತಾಗುತ್ತದೆ! ನೀರನ್ನು ನಿಮಿಷಕ್ಕೆ 400 ಮಿಲಿಗೆ ಇಳಿಸಿ, ನಾಲ್ಕು ಡಿಗ್ರಿ ಸಿಗುತ್ತದೆ. ನಾಲ್ಕು ವೈರಿನ ಪಿಟಿ-100 (ಪ್ಲಾಟಿನಂ ತಾಪಮಾನ ಸೆನ್ಸರ್) ಜೋಡಿಯನ್ನು ಒಂದೇ ಬಾತ್‌ನಲ್ಲಿ ಅದ್ದಿ ಪರಸ್ಪರ ಹೊಂದಿಸಿಕೊಂಡು ಹಾಕಿ. ಅಮೈನ್ ನಿಲ್ಲಿಸಿ ಬರೀ ಜಾಕೆಟ್ ಓಡಿಸಿ ನಷ್ಟ ತಿಳಿದುಕೊಳ್ಳಿ. ಕಾಲಮ್ ಬಿಸಿಭಾಗ ಗಾಜು ಅಥವಾ ಎಸ್‌ಎಸ್ 316 ಇರಲಿ. ಹಿತ್ತಾಳೆ ಫಿಟಿಂಗ್ ಒಂದೂ ಬೇಡ, ಅಮೈನ್ ತಾಮ್ರವನ್ನು ಎಳೆದುಕೊಂಡು ನೀಲಿಯಾಗುತ್ತದೆ.

---

ಝಿಯೋಲೈಟ್_ಅಕ್ಕ

ಚಿಟ್ಟಿಕ್‌ನಲ್ಲಿ 0.55 ಬರುತ್ತಿದ್ದರೆ ಬಹುಶಃ ಮೋಲ್‌ಗೆ 24.45 ಲೀಟರ್ ಎಂದು ಭಾಗಿಸುತ್ತಿದ್ದೀರಿ. ಅದು ಸಮುದ್ರಮಟ್ಟದ, 25 ಡಿಗ್ರಿಯ ಅಂಕಿ. 2 ಮಿಲಿ ಸ್ಯಾಂಪಲ್‌ನಲ್ಲಿ 5 ಮಿಲಿಮೋಲ್ ಸಿಒ2 ಇದ್ದರೆ, ಅಲ್ಲಿ 122 ಮಿಲಿ ಅನಿಲ. ದಾವಣಗೆರೆಯ ಒತ್ತಡದಲ್ಲಿ, ಲ್ಯಾಬ್ 30 ಡಿಗ್ರಿ ಇದ್ದಾಗ, ಒಣ ಅನಿಲವೇ 134 ಮಿಲಿ. ಒಳಗಿನ ನೀರಾವಿಯನ್ನೂ ಲೆಕ್ಕಕ್ಕೆ ತಗೊಂಡರೆ 140. ಮೊಬೈಲ್ ಹವಾಮಾನ ಆ್ಯಪ್‌ನ ಒತ್ತಡ ಹಾಕಬೇಡಿ, ಅದು ಸಾಮಾನ್ಯವಾಗಿ ಸಮುದ್ರಮಟ್ಟಕ್ಕೆ ಸರಿಹೊಂದಿಸಿದ ಅಂಕಿ. ಬ್ಯಾರೋಮೀಟರ್ ಓದಿ. ಬ್ಯುರೆಟ್‌ನಿಂದ ಬಿಟ್ಟ ಆಸಿಡ್‌ನ ಗಾತ್ರವನ್ನೂ ಅನಿಲದ ಗಾತ್ರದಿಂದ ಕಳೆಯಬೇಕು: 1 ನಾರ್ಮಲ್ ಎಚ್‌ಸಿಎಲ್‌ನಲ್ಲಿ 2 ಮಿಲಿ ಸ್ಯಾಂಪಲ್‌ಗೆ 10 ಮಿಲಿಯಷ್ಟು ಹೋಗುತ್ತದೆ, ಮೀಥೈಲ್ ಆರೆಂಜ್ ಕೆಂಪಾದ ಮೇಲೂ ಒಂದೆರಡು ಮಿಲಿ ಹೆಚ್ಚು ಬಿಡಿ. ಅನಿಲ ಅಳೆಯುವ ಟ್ಯೂಬಿನಲ್ಲಿ ಬರೀ ನೀರಿಟ್ಟರೆ ಅದು ಸಿಒ2 ನುಂಗುತ್ತದೆ, ಉಪ್ಪಿನ ಆಮ್ಲೀಯ ದ್ರಾವಣ ಇರಲಿ.

ಸಲ್ಫೇಟೆಡ್ ಝಿರ್ಕೋನಿಯಾ ಪ್ರಯತ್ನಿಸುವುದಿದ್ದರೆ, ಸೋಸಿದ ದ್ರಾವಣದಲ್ಲಿ ಸಲ್ಫೇಟ್ ಬಂದಿದೆಯಾ ಎಂದು ಬೇರಿಯಂ ಕ್ಲೋರೈಡ್ ಹಾಕಿ ನೋಡಿ. ಅದಕ್ಕೂ ಮೊದಲು ಎಚ್‌ಸಿಎಲ್ ಹಾಕಿ ಸಿಒ2 ಪೂರ್ತಿ ಹೊರಡಿಸಿರಬೇಕು. ಹಾಗೇ ಹಾಕಿದರೆ ಬೇರಿಯಂ ಕಾರ್ಬೊನೇಟೇ ಬೆಳ್ಳಗೆ ಕೂರುತ್ತದೆ, ಕ್ಯಾಟಲಿಸ್ಟ್ ಸೋರಿದೆ ಎಂದು ಸುಮ್ಮನೆ ಬರೆದುಬಿಡುತ್ತೀರಿ.